ಸರಣಿಯಿಂದ ಕವಲೊಡೆದ ಅನಿಮೆ ಚಿತ್ರಕ್ಕೆ ವಿಮರ್ಶೆ ಬರೆಯುವುದು ಹೇಗೆ? ‘ಒನ್ ಪೀಸ್ ಫಿಲ್ಮ್ ರೆಡ್’ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ವರ್ಷಗಟ್ಟಲೆ ನಡೆದುಕೊಂಡು ಬಂದ ಸಾಹಸ ಸರಣಿಯಿಂದ ಹೊರಟ ಅನಿಮೆ (ಜಪಾನಿ ಅನಿಮೇಷನ್) ಚಿತ್ರದ ಬಗ್ಗೆ ಬರೆಯಲು ಕೂತವರು ಮತ್ತೆ ಮತ್ತೆ ಎಡವುವುದು ಒಂದೇ ಜಾಗದಲ್ಲಿ. ಬರೆದದ್ದು ಒಂದೋ ಕಥೆಯ ಸಾರಾಂಶವಾಗುತ್ತದೆ, ಇಲ್ಲವೇ ‘ಇವನು ಬಂದ, ಅವನೂ ಬಂದ’ ಎಂಬ ಪಟ್ಟಿಯಾಗುತ್ತದೆ. ಸರಣಿ ನೋಡಿದವರಿಗೆ ಅದರಲ್ಲಿ ಹೊಸದೇನೂ ಸಿಗುವುದಿಲ್ಲ. ನೋಡದವರಿಗೆ ತಲೆಬುಡ ತಿಳಿಯುವುದಿಲ್ಲ.

ತೊಂದರೆ ಇರುವುದು ಬರೆಯುವವರ ಭಾಷೆಯಲ್ಲಲ್ಲ, ಕೆಲಸದ ಅನುಕ್ರಮದಲ್ಲಿ. ಚಿತ್ರ ಮುಗಿದ ಕೂಡಲೇ ಮೊದಲ ಪ್ಯಾರಾ ಬರೆಯಲು ಶುರುಮಾಡುತ್ತಾರೆ. ಅದಕ್ಕೂ ಮೊದಲು ಆಗಬೇಕಾದ ಏಳು ಕೆಲಸಗಳಿವೆ. ಅವುಗಳನ್ನು ಇಲ್ಲಿ ಒಂದರ ಹಿಂದೆ ಒಂದರಂತೆ ಹೇಳಿದ್ದೇನೆ. ಉದಾಹರಣೆಗೆ, ಲೂಫಿ ಎಂಬ ಹುಡುಗ ಕಡಲ್ಗಳ್ಳರ ರಾಜನಾಗಲು ಹೊರಡುವ ‘ಒನ್ ಪೀಸ್’ ಸರಣಿಯಿಂದ ಬಂದ 2022ರ ‘ಒನ್ ಪೀಸ್ ಫಿಲ್ಮ್ ರೆಡ್’ ತೆಗೆದುಕೊಂಡಿದ್ದೇನೆ, ಬೇಕಾದಲ್ಲಿ ಬೇರೆ ಚಿತ್ರಗಳೂ ಬರುತ್ತವೆ. ‘ರೆಡ್’ ನೋಡದವರು ಗಮನಿಸಿ: ಕಥೆಯ ತಿರುಳು ಮತ್ತು ಕೊನೆಯ ಕಾಳಗದ ಒಂದೆರಡು ಸಂಗತಿಗಳು ಇಲ್ಲಿವೆ. ಕೊನೆಗೆ ಏನಾಗುತ್ತದೆ ಎಂಬುದನ್ನು ಹೇಳಿಲ್ಲ.

ಬೇಕಾದ ಸಾಮಾನು

ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಎರಡು ಬಾರಿ ಚಿತ್ರ ನೋಡುವಷ್ಟು ಸಮಯ, ಅಧಿಕೃತ ಕ್ರೆಡಿಟ್ ಪಟ್ಟಿ. ಜೊತೆಗೆ, ಸರಣಿಯ ಒಂದು ಕಂತನ್ನೂ ನೋಡಿರದ ಒಬ್ಬ ಗೆಳೆಯ ಅಥವಾ ಗೆಳತಿ. ಈ ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಐದನೇ ಹಂತದಲ್ಲಿ ಅದರ ಉಪಯೋಗ ಗೊತ್ತಾಗುತ್ತದೆ.

ಹಂತ 1: ಚಿತ್ರ ಯಾವ ಬಗೆಯದು ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಸರಣಿಯಿಂದ ಬಂದ ಚಿತ್ರಗಳೆಲ್ಲ ಒಂದೇ ಬಗೆಯವಲ್ಲ. ಕೆಲವು ಮೂಲ ಕಥೆಯ ಮುಂದಿನ ಭಾಗವನ್ನೇ ಪರದೆಗೆ ತರುತ್ತವೆ. 2020ರ ‘ಡೀಮನ್ ಸ್ಲೇಯರ್: ಮುಗೆನ್ ಟ್ರೇನ್’ ಹಾಗೆ ಬಂದದ್ದು. ಕೆಲವು ಆಗಲೇ ಟಿವಿಯಲ್ಲಿ ಬಂದ ಕಥೆಯನ್ನು ಎರಡು ಗಂಟೆಯೊಳಗೆ ಮತ್ತೆ ಹೇಳುತ್ತವೆ. ಒನ್ ಪೀಸ್‌ನಲ್ಲಿ 2007ರ ಅಲಬಾಸ್ಟಾ ಚಿತ್ರ, 2008ರ ಚಾಪರ್ ಚಿತ್ರ ಈ ಸಾಲಿಗೆ ಸೇರುತ್ತವೆ. ಉಳಿದವು ಹೊಸ ಪಾತ್ರ, ಹೊಸ ದ್ವೀಪ ಇಟ್ಟುಕೊಂಡ ಬೇರೆ ಕಥೆಗಳು. ‘ರೆಡ್’ ಮೂರನೆಯ ಬಗೆಯದು, ಒನ್ ಪೀಸ್‌ನ 15ನೇ ಚಿತ್ರ.

ಬಗೆ ಬದಲಾದರೆ ಕೇಳಬೇಕಾದ ಪ್ರಶ್ನೆಯೂ ಬದಲಾಗುತ್ತದೆ. ಮೊದಲನೆಯದಕ್ಕೆ, ಮಾಂಗಾದ (ಸರಣಿಗೆ ಮೂಲವಾದ ಜಪಾನಿ ಕಾಮಿಕ್ಸ್) ಆ ಭಾಗಕ್ಕೆ ಸಿನಿಮಾದ ಓಟ ಒಗ್ಗಿತೇ? ಎರಡನೆಯದಕ್ಕೆ, ಕತ್ತರಿ ಹಾಕಿದ್ದೇನು, ಹಾಕಿದ ಮೇಲೂ ಕಥೆ ನಿಂತಿತೇ? ಮೂರನೆಯದಕ್ಕೆ, ಹೊಸದಾಗಿ ಸೇರಿಸಿದ್ದಕ್ಕೆ ಎರಡು ಗಂಟೆಯ ತೂಕ ಇದೆಯೇ? ಎರಡನೆಯ ಬಗೆಗೆ ಕೇಳಬೇಕಾದದ್ದನ್ನು ಮೂರನೆಯದಕ್ಕೆ ಕೇಳಿ ಇಡೀ ವಿಮರ್ಶೆಯನ್ನೇ ಹಾಳುಮಾಡಿಕೊಂಡವರಿದ್ದಾರೆ.

ಎಚ್ಚರಿಕೆ: ‘ಇದು ಮೂಲ ಕಥೆಗೆ ಸೇರುತ್ತದೆಯೋ ಇಲ್ಲವೋ’ ಎಂಬ ಚರ್ಚೆಗೆ ಒಂದೇ ವಾಕ್ಯ ಕೊಡಿ. ಆ ಗೆರೆ ಅಷ್ಟು ನೇರವಾಗಿಯೂ ಇಲ್ಲ. 2009ರ ‘ಸ್ಟ್ರಾಂಗ್ ವರ್ಲ್ಡ್’ ಚಿತ್ರದ ಕಥೆ ಮೂಲ ಲೇಖಕ ಐಚಿರೊ ಓಡಾ ಅವರದ್ದೇ, ಅದರ ಖಳ ಶಿಕಿಯ ಹೆಸರು ಮಾಂಗಾದಲ್ಲೂ ಬರುತ್ತದೆ. ಓದುಗನಿಗೆ ಬೇಕಿರುವುದು ಚಿತ್ರ ಹೇಗಿದೆ ಎಂಬುದು.

ಹಂತ 2: ಸರಣಿಯಲ್ಲಿ ನೋಡಬೇಕಾದಷ್ಟನ್ನು ಮಾತ್ರ ನೋಡಿ

ಒನ್ ಪೀಸ್‌ನ 1000ನೇ ಕಂತು 2021ರ ನವೆಂಬರ್‌ನಲ್ಲಿ ಪ್ರಸಾರವಾಯಿತು. ಎಲ್ಲವನ್ನೂ ನೋಡಿಯೇ ಬರೆಯುತ್ತೇನೆ ಎಂದರೆ ವಿಮರ್ಶೆ ಬರೆಯುವ ದಿನವೇ ಬರುವುದಿಲ್ಲ. ಏನನ್ನೂ ನೋಡದೆ ಬರೆಯುವುದೂ ಸರಿಯಲ್ಲ.

‘ರೆಡ್’ ಚಿತ್ರಕ್ಕಾದರೆ ಬೇಕಿರುವುದು ಇಷ್ಟು: ಬಾಲಕ ಲೂಫಿಗೂ ಕೆಂಗೂದಲ ಕಡಲ್ಗಳ್ಳ ಶ್ಯಾಂಕ್ಸ್‌ಗೂ ಇರುವ ನಂಟು ತೋರಿಸುವ ಆರಂಭದ ಕಂತುಗಳು, ಲೂಫಿಯ ತಂಡದಲ್ಲಿ ಯಾರ‍್ಯಾರಿದ್ದಾರೆ ಎಂಬ ಪರಿಚಯ, ಮತ್ತು ಚಿತ್ರ ಬಿಡುಗಡೆಯಾದ ತಿಂಗಳಲ್ಲೇ ಪ್ರಸಾರವಾದ 1029 ಹಾಗೂ 1030ನೇ ಕಂತುಗಳು. ಈ ಎರಡು ಕಂತುಗಳಲ್ಲಿ ಲೂಫಿ ಮತ್ತು ಈ ಚಿತ್ರದ ಹೊಸ ಪಾತ್ರ ಉತಾ ಚಿಕ್ಕವರಾಗಿದ್ದಾಗಿನ ಕಥೆ ಇದೆ. ಇವನ್ನು ನೋಡುವಾಗ ಒಂದು ಮಾತು ಬರೆದಿಟ್ಟುಕೊಳ್ಳಿ: ಚಿತ್ರದ ಭಾವಕ್ಕೆ ಬೇಕಾದ ಎಷ್ಟು ಅಂಶ ಚಿತ್ರದೊಳಗೇ ಇದೆ, ಎಷ್ಟು ಈ ಕಂತುಗಳಲ್ಲಿ ಉಳಿದುಹೋಗಿದೆ? ಮುಂದೆ ಇದು ಕೆಲಸಕ್ಕೆ ಬರುತ್ತದೆ.

ಬೇರೆಯವರ ವಿಮರ್ಶೆ, ವಿವರಣೆಯ ವಿಡಿಯೋಗಳ ಕಡೆಗೆ ಈಗ ಹೋಗಬೇಡಿ.

ಹಂತ 3: ಎರಡು ಬಾರಿ ನೋಡಿ, ಎರಡೂ ಬೇರೆ ಬೇರೆ ರೀತಿ

ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಇರಬಾರದು. ಮನೆಯಲ್ಲಿ ನೋಡುತ್ತಿದ್ದರೆ ನಡುವೆ ನಿಲ್ಲಿಸಲೂಬಾರದು. ಮುಗಿದ ಅರ್ಧ ಗಂಟೆಯೊಳಗೆ ಮೂರೇ ಸಂಗತಿ ಬರೆಯಿರಿ: ಯಾವ ದೃಶ್ಯ ಕಣ್ಣ ಮುಂದೆ ನಿಂತಿದೆ, ಎಲ್ಲಿ ಗಮನ ಚದುರಿತು, ಏನು ಅರ್ಥವಾಗಲಿಲ್ಲ. ವಾಕ್ಯ ಚೆಂದವಾಗಿರಬೇಕಿಲ್ಲ. ಈ ಮೂರು ಉತ್ತರಗಳು ಮರುದಿನದ ಹೊತ್ತಿಗೆ ಬಣ್ಣ ಬದಲಿಸಿಬಿಡುತ್ತವೆ, ಅದಕ್ಕೇ ಈ ಅವಸರ.

ಎರಡನೇ ಸಲ ಟಿಪ್ಪಣಿಯ ಜೊತೆ ನೋಡಿ. ‘ರೆಡ್’ 115 ನಿಮಿಷದ ಚಿತ್ರ. ಪುಟವನ್ನು ಕಾಲು ಗಂಟೆಯ ಎಂಟು ಭಾಗ ಮಾಡಿ, ಪ್ರತಿ ಭಾಗದಲ್ಲಿ ‘ಈ ಹೊತ್ತಿಗೆ ಏನು ಬದಲಾಯಿತು’ ಎಂದು ಒಂದು ಸಾಲು ಬರೆಯಿರಿ. ಎರಡು ಭಾಗಗಳಲ್ಲಿ ಒಂದೇ ಉತ್ತರ ಬಂದರೆ ಅಲ್ಲಿ ಚಿತ್ರ ನಿಂತಲ್ಲೇ ನಿಂತಿದೆ. ‘ಸೆಕೆಂಡ್ ಹಾಫ್ ಲ್ಯಾಗ್’ ಎಂದು ಗಾಳಿಯಲ್ಲಿ ಹೇಳುವುದಕ್ಕೂ ಇಂಥ ಕಡೆ ಇಷ್ಟು ಹೊತ್ತು ಕಥೆ ಕದಲಲಿಲ್ಲ ಎಂದು ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಥಿಯೇಟರಿನಲ್ಲಿ ಫೋನ್ ಬೆಳಕು ಬೇಡ. ಕತ್ತಲಲ್ಲಿ ದೊಡ್ಡ ಅಕ್ಷರದಲ್ಲಿ, ಒಂದು ಪುಟಕ್ಕೆ ಒಂದೇ ಟಿಪ್ಪಣಿ ಬರೆದರೆ ಮನೆಗೆ ಬಂದ ಮೇಲೆ ಓದಲು ಬರುತ್ತದೆ.

ಹಂತ 4: ವಿಮರ್ಶೆಯ ಬೆನ್ನೆಲುಬು ಅತಿಥಿ ಪಾತ್ರ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು.

ಮೂಲ ಕಥೆ ಇನ್ನೂ ನಡೆಯುತ್ತಿರುವ ಸರಣಿಗೆ ಬೇರೆ ಕಥೆಯ ಚಿತ್ರ ಮಾಡುವವರ ಕೈ ಕಟ್ಟಿರುತ್ತದೆ. ಲೂಫಿ ಸಾಯುವಂತಿಲ್ಲ, ತಂಡ ಒಡೆಯುವಂತಿಲ್ಲ, ಮಾಂಗಾದಲ್ಲಿ ಬಿಡಿಸಿರದ ಗುಟ್ಟನ್ನು ಇಲ್ಲಿ ಬಿಡಿಸುವಂತಿಲ್ಲ. ಚಿತ್ರ ಮುಗಿದಾಗ ನಾಯಕನನ್ನು ಎತ್ತಿಕೊಂಡ ಜಾಗದಲ್ಲೇ ಇಳಿಸಬೇಕು. ಹಾಗಾದರೆ ನಿಜವಾಗಿ ಏನಾದರೂ ಕಳೆದುಕೊಳ್ಳಬಲ್ಲವರು, ಬದಲಾಗಬಲ್ಲವರು ಯಾರು? ಈ ಚಿತ್ರಕ್ಕೆಂದೇ ಹುಟ್ಟಿದ ಪಾತ್ರ, ಅದನ್ನೇ ಇಲ್ಲಿ ಅತಿಥಿ ಪಾತ್ರ ಎನ್ನುತ್ತಿದ್ದೇನೆ. ‘ಸ್ಟ್ರಾಂಗ್ ವರ್ಲ್ಡ್’ನಲ್ಲಿ ಶಿಕಿ, 2012ರ ‘ಫಿಲ್ಮ್ ಝಡ್’ನಲ್ಲಿ ಝೆಫರ್, 2016ರ ‘ಫಿಲ್ಮ್ ಗೋಲ್ಡ್’ನಲ್ಲಿ ಟೆಸೊರೊ, 2019ರ ‘ಸ್ಟ್ಯಾಂಪೀಡ್’ನಲ್ಲಿ ಬುಲೆಟ್, ‘ರೆಡ್’ನಲ್ಲಿ ಉತಾ. ಚಿತ್ರದ ಭಾರವೆಲ್ಲ ಇವರ ಹೆಗಲ ಮೇಲೆ. ಲೂಫಿಯ ‘ಪಾತ್ರ ಬೆಳವಣಿಗೆ’ ಹುಡುಕುತ್ತಾ ಕೂತ ವಿಮರ್ಶೆಗೆ ಏನೂ ಸಿಗದಿರುವುದು ಇದಕ್ಕೇ.

ಅತಿಥಿ ಪಾತ್ರವನ್ನು ಮೂರು ಪ್ರಶ್ನೆಗಳಿಂದ ಅಳೆಯಿರಿ.

ಆಕೆಗೆ ಬೇಕಿರುವುದೇನು, ಅದು ನಮಗೆ ನ್ಯಾಯವೆನಿಸುತ್ತದೆಯೇ? ಉತಾ ಲೋಕಪ್ರಸಿದ್ಧ ಗಾಯಕಿ. ಕಡಲ್ಗಳ್ಳರಿಂದ ಮನೆಮಠ ಕಳೆದುಕೊಂಡವರು ಆಕೆಯ ಹಾಡಿನಲ್ಲಿ ನೆಮ್ಮದಿ ಕಂಡವರು. ನೋವೇ ಇಲ್ಲದ ಲೋಕವನ್ನು ಅವರಿಗೆ ಕೊಡುತ್ತೇನೆ ಎಂದು ಆಕೆ ಹೊರಡುತ್ತಾಳೆ. ಆಕೆಯ ಶಕ್ತಿ ಎಂಥದ್ದೆಂದರೆ, ಹಾಡು ಕೇಳಿದವರ ದೇಹ ನಿದ್ದೆಗೆ ಜಾರುತ್ತದೆ, ಮನಸ್ಸು ಆಕೆ ಕಟ್ಟಿದ ಲೋಕಕ್ಕೆ ಹೋಗುತ್ತದೆ. ಆಕೆ ನಿದ್ದೆ ಮಾಡಿದರೆ ಎಲ್ಲರೂ ಎಚ್ಚರಾಗುತ್ತಾರೆ. ಆದ್ದರಿಂದ ನಿದ್ದೆ ಬಾರದಂತೆ ಮಾಡುವ, ಕೊನೆಗೆ ಪ್ರಾಣವನ್ನೇ ತೆಗೆಯುವ ಅಣಬೆಯನ್ನು ಆಕೆ ತಿನ್ನುತ್ತಾಳೆ. ಇಷ್ಟು ಹೇಳಿದರೆ ಸರಣಿ ನೋಡದ ಓದುಗನಿಗೂ ಗಂಟಲು ಕಟ್ಟುತ್ತದೆ. ಯುದ್ಧದ ವರ್ಣನೆ ಒಂದು ಪುಟ ಬರೆದರೂ ಆಗದ ಕೆಲಸ ಅದು.

ಜಗಳ ಈ ನಾಯಕನ ಜೊತೆಗೇ ಯಾಕೆ ಆಗಬೇಕು? ಉತಾ ಶ್ಯಾಂಕ್ಸ್‌ನ ಮಗಳಾಗಿ ಬೆಳೆದವಳು, ಲೂಫಿಯ ಬಾಲ್ಯದ ಒಡನಾಡಿ. ಹೊಸ ಯುಗ ತರುತ್ತೇವೆಂದು ಇಬ್ಬರೂ ಚಿಕ್ಕಂದಿನಲ್ಲೇ ಮಾತಾಡಿಕೊಂಡವರು. ಒಬ್ಬನಿಗೆ ಆ ಯುಗದ ದಾರಿ ಕಡಲ್ಗಳ್ಳರ ರಾಜನಾಗುವುದು, ಇನ್ನೊಬ್ಬಳಿಗೆ ಕಡಲ್ಗಳ್ಳರೇ ಇಲ್ಲದಂತೆ ಮಾಡುವುದು. ಆಕೆ ಮೇಲೆ ಬಿದ್ದಾಗ ಲೂಫಿ ಕೈ ಎತ್ತುವುದಿಲ್ಲ, ನಿನ್ನ ಜೊತೆ ಹೊಡೆದಾಡಲು ನನಗೆ ಕಾರಣವಿಲ್ಲ ಎನ್ನುತ್ತಾನೆ. ಯಾರೊಡನೆ ಬೇಕಾದರೂ ಗುದ್ದಾಡುವ ಲೂಫಿ ಹೀಗೆ ನಿಲ್ಲುವುದೇ ಚಿತ್ರದ ಗಟ್ಟಿ ಜಾಗ. ವಿಮರ್ಶೆಯಲ್ಲಿ ಇದಕ್ಕೆ ಒಂದು ಪ್ಯಾರಾ ಸಲ್ಲಬೇಕು.

ಈ ಪಾತ್ರ ತೆಗೆದು ಬೇರೊಂದನ್ನು ಇಟ್ಟರೆ ಚಿತ್ರ ಉಳಿಯುತ್ತದೆಯೇ? ಉತಾಳನ್ನು ತೆಗೆದರೆ ‘ರೆಡ್’ ಇಲ್ಲ. ಝೆಫರ್‌ನನ್ನು ತೆಗೆದರೂ ‘ಝಡ್’ ಇಲ್ಲ, ನೌಕಾಸೇನೆಯ ಹಿರಿಯ ಅಧಿಕಾರಿಯಾಗಿ ಒಂದು ಪೀಳಿಗೆಗೇ ಯುದ್ಧ ಕಲಿಸಿದ ಗುರು ತನ್ನವರ ವಿರುದ್ಧವೇ ತಿರುಗುವ ಕಥೆ ಅದು. ‘ಸ್ಟ್ಯಾಂಪೀಡ್’ನ ಬುಲೆಟ್‌ಗೆ ಬೇಕಿರುವುದು ಎಲ್ಲರಿಗಿಂತ ಬಲಶಾಲಿಯಾಗುವುದು ಮಾತ್ರ. ಅವನ ಜಾಗದಲ್ಲಿ ಇನ್ನೊಬ್ಬ ದೈತ್ಯನಿದ್ದರೂ ನಡೆಯುತ್ತಿತ್ತು. ಕಾಳಗಗಳು ಕಣ್ಣಿಗೆ ಹಬ್ಬವಾದರೂ ಆ ಚಿತ್ರ ನನ್ನೊಳಗೆ ಉಳಿಯದಿರಲು ಇದೇ ಕಾರಣ.

ಈ ಹಂತದಲ್ಲಿ ಆಗುವ ತಪ್ಪು: ಪಾತ್ರ ಇಷ್ಟವಾಯಿತು ಎಂದು ಅದಕ್ಕಿರುವ ಕುಂದನ್ನು ಬಿಡುವುದು. ಉತಾ ಬೆಳೆದ ಎಲೇಜಿಯಾ ದ್ವೀಪದಲ್ಲಿ 12 ವರ್ಷಗಳ ಹಿಂದೆ ನಡೆದದ್ದನ್ನು ಚಿತ್ರ ಬಹುಪಾಲು ಫ್ಲ್ಯಾಶ್‌ಬ್ಯಾಕ್ ಮತ್ತು ಮಾತಿನಲ್ಲೇ ಮುಗಿಸುತ್ತದೆ. ಉತಾ–ಶ್ಯಾಂಕ್ಸ್ ನಂಟಿಗೆ ಇನ್ನಷ್ಟು ಹೊತ್ತು ಬೇಕಿತ್ತು. ಎರಡನೇ ಹಂತದಲ್ಲಿ ಬರೆದಿಟ್ಟ ಪ್ರಶ್ನೆಗೆ ಉತ್ತರ ಸಿಗುವುದೂ ಇಲ್ಲೇ. ಆ ಎರಡು ಕಂತು ನೋಡಿದವರಿಗೆ ಬಾಲ್ಯದ ಸಲಿಗೆ ಮನಸ್ಸಿಗೆ ತಟ್ಟುತ್ತದೆ, ನೋಡದವರು ಅದನ್ನು ನಂಬಿಕೊಂಡು ಮುಂದೆ ಹೋಗಬೇಕಾಗುತ್ತದೆ.

ಹಂತ 5: ಸರಣಿಯಿಂದ ತಂದ ಸಾಲದ ಲೆಕ್ಕ

ಎರಡನೇ ಸಲ ನೋಡುವಾಗಲೇ, ಸರಣಿ ಗೊತ್ತಿದ್ದರೆ ಮಾತ್ರ ಅರ್ಥವಾಗುವ ಪ್ರತಿ ಕಡೆಗೂ ಅಂಚಿನಲ್ಲಿ ಒಂದು ಗುರುತು ಹಾಕಿ. ಆಮೇಲೆ ಒಂದೊಂದನ್ನೂ ನೋಡಿ: ಈ ಸಾಲ ತೀರಿದೆಯೇ?

ತೀರಿದ್ದಕ್ಕೆ ಒಂದು ಉದಾಹರಣೆ. ಕೊನೆಯ ಕಾಳಗದಲ್ಲಿ ದೈತ್ಯ ಟಾಟ್ ಮ್ಯೂಸಿಕಾ ಎರಡು ಲೋಕಗಳಲ್ಲೂ ಇದ್ದಾನೆ, ಉತಾಳ ಲೋಕದಲ್ಲೂ ಎಚ್ಚರದ ಲೋಕದಲ್ಲೂ. ಎರಡೂ ಕಡೆಯಿಂದ ಒಂದೇ ಜಾಗಕ್ಕೆ, ಒಂದೇ ಕ್ಷಣಕ್ಕೆ ಏಟು ಬಿದ್ದರೆ ಮಾತ್ರ ಅವನು ಬೀಳುತ್ತಾನೆ. ಆದರೆ ಆ ಕಡೆಯವರಿಗೆ ಈ ಕಡೆಯವರು ಕಾಣುವುದಿಲ್ಲ. ಆಗ ಲೂಫಿಯ ತಂಡದ ಉಸೊಪ್ ಕಂಡದ್ದು ಶ್ಯಾಂಕ್ಸ್ ತಂಡದಲ್ಲಿರುವ ಅವನ ತಂದೆ ಯಾಸೊಪ್‌ಗೆ ಕಾಣತೊಡಗುತ್ತದೆ, ಇಬ್ಬರ ಮೂಲಕ ಏಟುಗಳು ಕೂಡುತ್ತವೆ. ಹೊಸಬರಿಗೆ ಇದು ಜಾಣತನದ ಯುದ್ಧತಂತ್ರ, ಅಷ್ಟರಮಟ್ಟಿಗೆ ಸಾಕು. ಸರಣಿ ನೋಡಿದವರಿಗೆ ಇದು ಮಗನನ್ನು ಹಳ್ಳಿಯಲ್ಲೇ ಬಿಟ್ಟು ಕಡಲಿಗೆ ಹೋದ ಅಪ್ಪ ಮತ್ತು ಆ ಅಪ್ಪನ ಹೆಸರು ಹೇಳಿಕೊಂಡೇ ಬೆಳೆದ ಮಗ, ಎದುರುಬದುರು ನಿಲ್ಲದೆಯೇ ಒಬ್ಬರಿಗೊಬ್ಬರು ಕಣ್ಣಾದ ಗಳಿಗೆ. ಒಂದೇ ದೃಶ್ಯ ಇಬ್ಬರಿಗೂ ದಕ್ಕಿತು.

ತೀರದ ಸಾಲಕ್ಕೂ ಇದೇ ಚಿತ್ರದಲ್ಲಿ ಉದಾಹರಣೆ ಇದೆ. ಕಡಲ್ಗಳ್ಳಿ ಬಿಗ್ ಮಾಮ್ ಮನೆತನದವರು, ಹಳೆಯ ವೈರಿಗಳು, ನೌಕಾಸೇನೆಯವರು ದಂಡಿಯಾಗಿ ಬಂದು ಇಳಿಯುತ್ತಾರೆ. ಪರೀಕ್ಷೆ ಸುಲಭ: ಆ ಪಾತ್ರವನ್ನು ಮನಸ್ಸಿನಲ್ಲೇ ಅಳಿಸಿ ನೋಡಿ. ನೌಕಾಸೇನೆಯ ಕೋಬಿಯನ್ನು ಅಳಿಸಿದರೆ ಉತಾಳ ಯೋಜನೆಯ ಅಪಾಯ ಬಯಲಾಗುವ ದಾರಿಯೇ ಮುಚ್ಚಿಹೋಗುತ್ತದೆ, ಆದ್ದರಿಂದ ಅವನು ವಿಮರ್ಶೆಯಲ್ಲಿ ಬರಬೇಕು. ಉಳಿದ ಹಲವರನ್ನು ಅಳಿಸಿದರೂ ಕಥೆಗೆ ಏನೂ ಆಗುವುದಿಲ್ಲ. ಅವರೆಲ್ಲರಿಗೂ ಸೇರಿಸಿ ಒಂದು ವಾಕ್ಯ ಸಾಕು.

ಈಗ ಸರಣಿ ನೋಡದ ಗೆಳೆಯನನ್ನು ಕರೆಯಿರಿ. ನೀವು ಗುರುತು ಹಾಕಿದ ಎರಡು ದೃಶ್ಯಗಳನ್ನು ಬಾಯಿಮಾತಿನಲ್ಲಿ ಹೇಳಿ. ‘ಅವನ್ಯಾರು?’ ಎಂದು ಎಷ್ಟು ಸಲ ಕೇಳಿದರೋ ಅಷ್ಟು ವಿವರಣೆ ನಿಮ್ಮ ವಿಮರ್ಶೆಗೆ ಬೇಕು. ಅದಕ್ಕಿಂತ ಹೆಚ್ಚು ಬೇಡ.

ಹಂತ 6: ಚಿತ್ರಿಕೆ, ಹಾಡು, ದನಿ

‘ಅನಿಮೇಷನ್ ಸೂಪರ್’ ಎಂಬ ಮಾತಿಗೆ ಬೆಲೆಯಿಲ್ಲ. ಒಂದು ಜಾಗ ಆಯ್ದುಕೊಂಡು ಅಲ್ಲಿ ಕಂಡದ್ದನ್ನು ಹೇಳಿ. ತನ್ನ ಲೋಕದಲ್ಲಿ ಎದುರಾಳಿಗಳನ್ನು ಉತಾ ಹಿಡಿಯುವುದು ಹಗ್ಗದಿಂದಲ್ಲ, ಸಂಗೀತ ಬರೆಯುವ ಐದು ಗೆರೆಗಳಿಂದ. ಗೆರೆಗಳು ಗಾಳಿಯಲ್ಲಿ ಹರಿದುಬಂದು ಸುತ್ತಿಕೊಳ್ಳುತ್ತವೆ, ಸಿಕ್ಕಿಬಿದ್ದವರು ಸ್ವರಚಿಹ್ನೆಗಳ ಹಾಗೆ ಅಂಟಿಕೊಂಡು ನೇತಾಡುತ್ತಾರೆ. ಬಣ್ಣ ಬಣ್ಣದ ಈ ಸೆರೆ ನೋಡಲು ಚೆಂದ, ಚೆಂದವಾಗಿರುವುದರಿಂದಲೇ ಭಯವಾಗುತ್ತದೆ. ಪ್ರೇಕ್ಷಕರಲ್ಲಿ ಕೆಲವರು ಮನೆಗೆ ಹೋಗಬೇಕು ಎಂದಾಗ ಆಕೆ ಬಿಡದಿರುವುದನ್ನು ಇದರ ಪಕ್ಕದಲ್ಲಿಟ್ಟು ಬರೆದರೆ ಚಿತ್ರಿಕೆಗೂ ಕಥೆಗೂ ಇರುವ ಸಂಬಂಧ ಓದುಗನಿಗೆ ಕಾಣುತ್ತದೆ.

ಟಿವಿ ಸರಣಿಯ ಹಾಗೆ ಕಾಣಲಿಲ್ಲ ಎಂಬುದನ್ನು ದೋಷವೆಂದು ಬರೆಯಬೇಡಿ. ಮಾಮೊರು ಹೊಸೊಡಾ ನಿರ್ದೇಶಿಸಿದ 2005ರ ಆರನೇ ಒನ್ ಪೀಸ್ ಚಿತ್ರದಲ್ಲಿ ಮುಖಗಳು, ಬಣ್ಣ, ಹಾಸ್ಯ ಎಲ್ಲವೂ ಸರಣಿಗಿಂತ ಬೇರೆ, ಕಥೆ ಮುಂದುವರಿದಂತೆ ಕತ್ತಲೆ ಏರುತ್ತದೆ. ಆ ಬೇರೆತನ ಕಥೆಗೆ ಬೇಕಿತ್ತೇ ಎಂದು ಕೇಳಬೇಕು.

ಹಾಡಿನ ವಿಷಯದಲ್ಲಿ ನಮ್ಮ ಓದುಗರಿಗೆ ಒಳ್ಳೆಯ ಅಭ್ಯಾಸವಿದೆ. ಹಾಡು ಬಂದಾಗ ಕಥೆ ಮುಂದೆ ಹೋಯಿತೇ, ನಿಂತಿತೇ ಎಂದು ಕೇಳುತ್ತಾ ಕನ್ನಡ ಸಿನಿಮಾ ನೋಡಿದವರು ನಾವು. ಅದನ್ನೇ ಇಲ್ಲೂ ಕೇಳಿ. ‘ರೆಡ್’ನ ಏಳು ಹಾಡುಗಳನ್ನು ಏಳು ಬೇರೆ ಬೇರೆ ಸಂಗೀತಗಾರರು ಕಟ್ಟಿದ್ದಾರೆ, ಎಲ್ಲವನ್ನೂ ಹಾಡಿದವರು ಆಡೊ ಎಂಬ ಗಾಯಕಿ. ಯಾಸುತಾಕಾ ನಕಾಟಾ ಅವರ ‘ಹೊಸ ಯುಗ’ದ ಹಾಡು ಆರಂಭದಲ್ಲೇ ಬಂದು ಉತಾಳ ಮಾತನ್ನೇ ಹೇಳುತ್ತದೆ. ಹಿರೋಯುಕಿ ಸವಾನೊ ಅವರ ‘ಟಾಟ್ ಮ್ಯೂಸಿಕಾ’ ದೈತ್ಯನನ್ನು ಎಬ್ಬಿಸುವ ಹಾಡು, ಅದಿಲ್ಲದೆ ಕ್ಲೈಮ್ಯಾಕ್ಸೇ ಇಲ್ಲ. ಇವೆರಡೂ ಕಥೆಯನ್ನು ನಡೆಸುವ ಹಾಡುಗಳು. ನಡುವಿನ ಕೆಲವು ಒಂದರ ಬೆನ್ನಿಗೆ ಒಂದು ಬಂದು ಮೊದಲ ಭಾಗದಲ್ಲಿ ಸಂಗೀತ ಕಚೇರಿಯೇ ನಡೆದಂತೆ ಅನಿಸುತ್ತದೆ. ನಿಮ್ಮ ಕಾಲು ಗಂಟೆಯ ಟಿಪ್ಪಣಿಗಳನ್ನು ತೆಗೆದು, ಯಾವ ಹಾಡಿನ ಹೊತ್ತಿಗೆ ‘ಏನೂ ಬದಲಾಗಲಿಲ್ಲ’ ಎಂದು ಬರೆದಿದ್ದೀರಿ ನೋಡಿ.

ದನಿಯ ಬಗ್ಗೆ ಬರೆಯುವ ಮೊದಲು ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಹೇಳಲೇಬೇಕು. ಜಪಾನಿ ಆವೃತ್ತಿಯಲ್ಲಿ ಉತಾಳ ಮಾತು ಕಾವೊರಿ ನಜುಕಾ ಅವರದು, ಹಾಡು ಆಡೊ ಅವರದು. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಮಾತು ಅಮಾಂಡಾ ಲೀ ಅವರದು, ಹಾಡು ಮಾತ್ರ ಆಡೊ ಹಾಡಿದ ಜಪಾನಿಯದೇ. ಅಂದರೆ ಡಬ್ಬಿಂಗ್ ನೋಡಿದವರಿಗೆ ಮಾತಿನಿಂದ ಹಾಡಿಗೆ ಹೋಗುವಾಗ ಭಾಷೆಯೂ ಬದಲಾಗುತ್ತದೆ. ‘ಜೋಡಣೆ ಸರಿಯಿಲ್ಲ’ ಎಂದು ಬರೆದವರು ಯಾವ ಆವೃತ್ತಿಯ ಬಗ್ಗೆ ಹೇಳಿದರು ಎಂದೇ ಗೊತ್ತಾಗದಿದ್ದರೆ ಆ ಮಾತು ಉಪಯೋಗಕ್ಕಿಲ್ಲ.

ಹಂತ 7: ಸ್ಪಾಯ್ಲರ್ ಎರಡು ಪದರದ್ದು

ಚಿತ್ರದ ಕೊನೆ ಹೇಳಬಾರದು ಎಂಬುದು ಎಲ್ಲರಿಗೂ ಗೊತ್ತು. ಸರಣಿಯ ಗುಟ್ಟೂ ಒಡೆಯಬಹುದು ಎಂಬುದನ್ನು ಮರೆಯುತ್ತಾರೆ. ‘ರೆಡ್’ನ ಕೊನೆಯ ಕಾಳಗದಲ್ಲಿ ಲೂಫಿಯ ಹೊಸ ರೂಪವೊಂದರ ಸುಳಿವು ಕ್ಷಣಕಾಲ ಮಿಂಚುತ್ತದೆ. ಮಾಂಗಾ ಓದುಗರಿಗೆ ಅದು 2022ರ ಮಾರ್ಚ್‌ನಲ್ಲೇ ಗೊತ್ತಿತ್ತು. ಟಿವಿ ಅನಿಮೆಯಲ್ಲಿ ಆ ರೂಪ ಪೂರ್ತಿ ಬಂದದ್ದು 2023ರ ಆಗಸ್ಟ್‌ನಲ್ಲಿ. ಚಿತ್ರ ಬಿಡುಗಡೆಯಾದಂದಿನಿಂದ ಅಲ್ಲಿಯವರೆಗಿನ ಒಂದು ವರ್ಷದಲ್ಲಿ ಅದನ್ನು ಹೆಸರಿಟ್ಟು ವಿವರಿಸಿದ ವಿಮರ್ಶೆಗಳು ಟಿವಿಯಲ್ಲಷ್ಟೇ ನೋಡುವವರ ದೊಡ್ಡ ಸಂತೋಷವೊಂದನ್ನು ಕಿತ್ತುಕೊಂಡವು.

ನಿಯಮ ಇಷ್ಟೇ: ಚಿತ್ರದ ಮೊದಲ ಮೂರನೇ ಒಂದು ಭಾಗದ ಸಂಗತಿಗಳನ್ನು ಧಾರಾಳವಾಗಿ ಬರೆಯಬಹುದು. ಅದರಾಚೆಯದು ವಾದಕ್ಕೆ ಬೇಕೇಬೇಕಾದರೆ, ಆ ಪ್ಯಾರಾದ ಮೇಲೆಯೇ ಎಚ್ಚರಿಕೆ ಕೊಡಿ.

ಹಂತ 8: ಈಗ ಬರೆಯಿರಿ, ನಡುವಿನಿಂದ

ಮೊದಲು ಅತಿಥಿ ಪಾತ್ರದ ಪ್ಯಾರಾ ಬರೆಯಿರಿ. ಆಮೇಲೆ ಚಿತ್ರಿಕೆ ಅಥವಾ ಹಾಡಿನ ಒಂದು ದೃಶ್ಯ. ಮೂರನೆಯದಾಗಿ ಸರಣಿಯ ಸಾಲ. ಈ ಮೂರೂ ನಿಂತ ಮೇಲೆ ಕಥೆಯ ಎಳೆಯನ್ನು ನಾಲ್ಕೈದು ವಾಕ್ಯದಲ್ಲಿ ಹೇಳಿ, ಅದನ್ನು ಇವುಗಳಿಗಿಂತ ಮೇಲೆ ಇಡಿ. ಆರಂಭದ ವಾಕ್ಯ ಎಲ್ಲಕ್ಕಿಂತ ಕೊನೆಗೆ ಬರೆಯುವಂಥದ್ದು. ಅದರಲ್ಲಿ ನಿಮ್ಮ ತೀರ್ಪು ಇರಲಿ. ಹೊಸಬರು ನೋಡಬಹುದೇ, ನೋಡುವುದಾದರೆ ಮೊದಲು ಯಾವ ಕಂತು ನೋಡಿಕೊಳ್ಳಬೇಕು ಎಂಬುದೂ ಮೊದಲ ಎರಡು ಪ್ಯಾರಾದಲ್ಲೇ ಬಂದುಬಿಡಲಿ, ಹೆಚ್ಚಿನ ಓದುಗರು ಬಂದಿರುವುದೇ ಅದಕ್ಕೆ.

ಹೆಸರುಗಳ ಕಾಗುಣಿತ ಮೊದಲೇ ತೀರ್ಮಾನಿಸಿ. ಒಂದು ಕಡೆ ಲೂಫಿ, ಇನ್ನೊಂದು ಕಡೆ ಲಫ್ಫಿ ಆಗಬಾರದು.

ಹಂತ 9: ಕರಡು ಕೆಟ್ಟಿರುವ ಲಕ್ಷಣಗಳು

ಸತತ ಮೂರು ಪ್ಯಾರಾ ‘ಆಮೇಲೆ’, ‘ಅಷ್ಟರಲ್ಲಿ’ ಎಂದು ಸಾಗಿದರೆ ನೀವು ಕಥೆ ಹೇಳುತ್ತಿದ್ದೀರಿ. ಒಂದೇ ವಾಕ್ಯದಲ್ಲಿ ನಾಲ್ಕಕ್ಕಿಂತ ಹೆಚ್ಚು ಪಾತ್ರಗಳ ಹೆಸರಿದ್ದರೆ ಅದು ಪಟ್ಟಿ. ಅತಿಥಿ ಪಾತ್ರದ ಹೆಸರು ಅರ್ಧ ವಿಮರ್ಶೆ ಮುಗಿದ ಮೇಲೆ ಬಂದರೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.

ಗಳಿಕೆಯನ್ನು ಗುಣಕ್ಕೆ ಸಾಕ್ಷಿಯಾಗಿ ತಂದಿದ್ದರೆ ಹೊಡೆದುಹಾಕಿ. ‘ರೆಡ್’ ಜಪಾನಿನಲ್ಲಿ ಸುಮಾರು 2,000 ಕೋಟಿ ಯೆನ್ ಗಳಿಸಿತು, ನಿಜ. ಅದು ಸುದ್ದಿ. ಮೊದಲ ಭಾಗದಲ್ಲಿ ಹಾಡು ಹೆಚ್ಚಾಯಿತೋ ಇಲ್ಲವೋ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಕೊನೆಯದಾಗಿ ಕ್ರೆಡಿಟ್ ಪಟ್ಟಿ ತೆಗೆದು ಒಂದೊಂದೇ ಹೆಸರನ್ನು ತಾಳೆ ಹಾಕಿ ನೋಡಿ. ಇಲ್ಲಿ ಪದೇಪದೇ ಕಾಣುವ ತಪ್ಪು ಎಂದರೆ ಎಲ್ಲವನ್ನೂ ಓಡಾ ಅವರ ಹೆಸರಿಗೆ ಬರೆದುಬಿಡುವುದು. ‘ರೆಡ್’ನಲ್ಲಿ ಅವರು ನಿರ್ಮಾಣದ ಮೇಲ್ವಿಚಾರಣೆ ಹೊತ್ತವರು. ನಿರ್ದೇಶನ ಗೊರೊ ತಾನಿಗುಚಿ, ಚಿತ್ರಕಥೆ ಸುತೊಮು ಕುರೊಇವಾ. ತಾನಿಗುಚಿ ಟಿವಿ ಸರಣಿ ಶುರುವಾಗುವ ಮೊದಲೇ, 1998ರಲ್ಲಿ, ಒನ್ ಪೀಸ್‌ನ ಒಂದು ಕಿರುಚಿತ್ರ ನಿರ್ದೇಶಿಸಿದ್ದವರು. ‘ಗೋಲ್ಡ್’ನ ಚಿತ್ರಕಥೆಯೂ ಕುರೊಇವಾ ಅವರದೇ. ಹೊಗಳುವುದಿದ್ದರೂ ತೆಗಳುವುದಿದ್ದರೂ ಆ ಕೆಲಸ ಮಾಡಿದವರ ಹೆಸರಿನ ಎದುರೇ ಬರೆಯಿರಿ.